ಹನ್ನೆರಡು ಅಕ್ಷರದ ಪರೀಕ್ಷೆ

ಎದೆಯುರಿ, ಹುಳಿತೇಗು, ನುಂಗಿದ ತುತ್ತು ಗಂಟಲಲ್ಲೇ ನಿಂತಂತಾಗುವುದು, ಮಲ ಕಪ್ಪಗೆ ಹೋಗುವುದು – ಇಂಥದ್ದೇನಾದರೂ ಹೇಳಿಕೊಂಡು ಹೋದವರಿಗೆ ಡಾಕ್ಟರು ಚೀಟಿಯಲ್ಲಿ ‘ಓಜಿಡಿ ಸ್ಕೋಪಿ’ ಎಂದು ಬರೆದುಕೊಡುತ್ತಾರೆ. ದುಡ್ಡು ಕಟ್ಟುವ ಕೌಂಟರಿನಲ್ಲಿ ಅದು ‘ಎಂಡೋಸ್ಕೋಪಿ’ ಆಗುತ್ತದೆ. ಮನೆಗೆ ಫೋನ್ ಮಾಡಿ ಹೇಳುವಾಗ ‘ಬಾಯೊಳಗೆ ಪೈಪ್ ಹಾಕಿ ನೋಡ್ತಾರಂತೆ’ ಆಗುತ್ತದೆ. ಮೂರೂ ಸರಿಯೇ. ಆದರೆ ಪರೀಕ್ಷೆಗೆ ಮುಂಚೆ ಸಹಿ ಹಾಕಬೇಕಾದ ಕಾಗದದಲ್ಲಿ ಅದರ ಪೂರ್ತಿ ಹೆಸರು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಬ್ರಿಟಿಷ್ ಕಾಗುಣಿತದಲ್ಲಿ ಅದಕ್ಕೆ 27 ಅಕ್ಷರ. ನಮ್ಮ ಲಿಪಿಯಲ್ಲಿ ಬರೆದರೆ ಹೀಗೆ: ಈಸಾಫಗೊಗ್ಯಾಸ್ಟ್ರೊಡ್ಯುಓಡಿನಾಸ್ಕೊಪಿ.

ಕಣ್ಣಿಗೆ ಬಿದ್ದ ಕೂಡಲೇ ಓದುವ ಉಮೇದು ಇಳಿದುಹೋಗುವಂಥ ಪದ. ಬಹಳಷ್ಟು ಜನ ಓದುವುದಿಲ್ಲ, ‘ಎಲ್ಲಿ ಸೈನ್ ಮಾಡ್ಬೇಕು’ ಎಂದಷ್ಟೇ ಕೇಳುತ್ತಾರೆ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ನರ್ಸಿಂಗ್ ಸೇರಿದ ಮಕ್ಕಳಿಗೆ ಇಂಥ ಪದಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ನನಗೆ ಬಹಳ ಪ್ರಿಯವಾದ ಕೆಲಸ. ಅವರ ಮುಖದಲ್ಲೂ ಮೊದಲ ದಿನ ಇದೇ ಅಂಜಿಕೆ. ಅವರಿಗೆ ನಾನು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಪದವನ್ನು ಬಿಡಿಸಲು ಇಂಗ್ಲಿಷ್ ಪಾಂಡಿತ್ಯ ಬೇಕಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಕಲಿಸಿದ ಸಂಧಿ, ಸಮಾಸ, ಲಘು-ಗುರು ನೆನಪಿದ್ದರೆ ಸಾಕು.

ಮೊದಲು ಬಾಯಿಗೆ ಒಗ್ಗಿಸಿಕೊಳ್ಳೋಣ. ಈ–ಸಾ–ಫ–ಗೊ–ಗ್ಯಾ–ಸ್ಟ್ರೊ–ಡ್ಯು–ಓ–ಡಿ–ನಾ–ಸ್ಕೊ–ಪಿ. ಎಣಿಸಿದರೆ ಹನ್ನೆರಡು. ಇಂಗ್ಲಿಷಿನವರ ಲೆಕ್ಕದಲ್ಲೂ ಇದು ಹನ್ನೆರಡು ಸಿಲಬಲ್‌ಗಳ ಪದ. ಲೆಕ್ಕ ತಾಳೆಯಾಗುವುದು ಆಕಸ್ಮಿಕವಲ್ಲ. ನಮ್ಮ ಲಿಪಿಯಲ್ಲಿ ಒಂದು ಸ್ವರಕ್ಕೆ ಒಂದು ಅಕ್ಷರ, ಅದರ ಹಿಂದೆ ಎಷ್ಟು ವ್ಯಂಜನ ಬಂದರೂ ಒತ್ತಾಗಿ ಅದಕ್ಕೇ ಅಂಟಿಕೊಳ್ಳುತ್ತವೆ. ‘ಸ್ಟ್ರೊ’ ಎಂಬುದರಲ್ಲಿ ಮೂರು ವ್ಯಂಜನಗಳಿವೆ, ಆದರೂ ಅದು ಒಂದೇ ಅಕ್ಷರ. ಒಂದು ವ್ಯತ್ಯಾಸ ಮಾತ್ರ ಇದೆ. ಇಂಗ್ಲಿಷಿನವರು ‘ಗ್ಯಾಸ್’ ಎಂದು ನಿಲ್ಲಿಸಿ ‘ಟ್ರೊ’ ಎನ್ನುತ್ತಾರೆ. ನಾವು ಬರೆಯುವಾಗ ‘ಗ್ಯಾ’ ಎಂದು ನಿಲ್ಲಿಸಿ ‘ಸ್ಟ್ರೊ’ ಎನ್ನುತ್ತೇವೆ. ಆ ಸಕಾರ ಯಾರ ಪಾಲಿಗೆ ಸೇರಬೇಕು ಎಂಬುದಷ್ಟೇ ಜಗಳ. ಇಂಗ್ಲಿಷ್ ಬರಹವನ್ನು ನೋಡಿ ಓದಲಾಗದವರು ಕನ್ನಡದಲ್ಲಿ ಬರೆದುಕೊಂಡು ಓದಿದರೆ ಪದ ಒಂದೇ ಸಲಕ್ಕೆ ಬಾಯಿಗೆ ಬರುತ್ತದೆ, ಏಕೆಂದರೆ ನಾವು ಬರೆದದ್ದನ್ನೆಲ್ಲ ಉಚ್ಚರಿಸುತ್ತೇವೆ, ಉಚ್ಚರಿಸದ್ದನ್ನು ಬರೆಯುವುದಿಲ್ಲ.

ಇನ್ನು ಒತ್ತು. ಇಂಗ್ಲಿಷಿನಲ್ಲಿ ಉದ್ದ ಪದದ ಯಾವುದೋ ಒಂದು ಅಕ್ಷರದ ಮೇಲೆ ದನಿ ಏರಬೇಕು, ಇಲ್ಲದಿದ್ದರೆ ಕೇಳುವವರಿಗೆ ಪದ ಗುರುತು ಸಿಗುವುದಿಲ್ಲ. ಕನ್ನಡದಲ್ಲಿ ಆ ಕಟ್ಟುಪಾಡಿಲ್ಲ. ಹಾಗಾಗಿ ನಮ್ಮ ಮಕ್ಕಳು ಎಲ್ಲಿ ಏರಿಸಬೇಕೆಂದು ತಿಳಿಯದೆ ತಡವರಿಸುತ್ತಾರೆ. ಅವರಿಗೆ ನಾನು ಹೇಳಿಕೊಡುವ ಉಪಾಯ ಛಂದಸ್ಸಿನದು. ಪದದ ಕೊನೆಯ ಮೂರು ಅಕ್ಷರ ನೋಡಿ: ನಾ–ಸ್ಕೊ–ಪಿ. ನಾ ಗುರು, ಸ್ಕೊ ಲಘು, ಪಿ ಲಘು. ಗುರು-ಲಘು-ಲಘು ಎಂದರೆ ಭಗಣ. ಈಗ ಬಯಾಲಜಿ ತೆಗೆದುಕೊಳ್ಳಿ: ಯಾ–ಲ–ಜಿ, ಭಗಣ. ಮ್ಯಾಮಾಗ್ರಫಿ: ಮಾ–ಗ್ರ–ಫಿ, ಭಗಣ. ಅಪೆಂಡೆಕ್ಟಮಿ: ಡೆ–ಕ್ಟ–ಮಿ, ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದರಿಂದ ಇದೂ ಭಗಣವೇ. ಈ ಜಾತಿಯ ವೈದ್ಯಪದಗಳಿಗೆಲ್ಲ ಇಂಗ್ಲಿಷಿನ ಒತ್ತು ಬೀಳುವುದು ಕೊನೆಯಿಂದ ಮೂರನೆಯ ಅಕ್ಷರದ ಮೇಲೆ, ಅಂದರೆ ಆ ಭಗಣದ ಗುರುವಿನ ಮೇಲೆ. ಇದನ್ನು ಹೇಳಿದ ದಿನ ತರಗತಿಯಲ್ಲಿ ಉಂಟಾಗುವ ಗದ್ದಲ ನನಗೆ ಬಹಳ ಇಷ್ಟ. ಹಾಳೆಯ ಮೇಲೆ ಪ್ರಸ್ತಾರ ಹಾಕಿಕೊಂಡು ನ್ಯೂರಾಲಜಿ, ಕೊಲನಾಸ್ಕೊಪಿ, ಹಿಸ್ಟರೆಕ್ಟಮಿ ಎಂದು ಒಬ್ಬರಾದ ಮೇಲೊಬ್ಬರು ಕೂಗಿ ಹೇಳುತ್ತಾರೆ. ಪರೀಕ್ಷೆಯಲ್ಲಿ ಅಂಕಕ್ಕಷ್ಟೇ ಎಂದುಕೊಂಡಿದ್ದ ಲಘು-ಗುರು ಅವರ ಕೆಲಸಕ್ಕೆ ಬಂದಿರುತ್ತದೆ.

ಈ ಮಕ್ಕಳನ್ನು ಕಾಡುವ ಇನ್ನೊಂದು ಅಕ್ಷರ ‘ಫ’. ಇಂಗ್ಲಿಷಿನ ಹಾಗೆ ಹಲ್ಲಿಗೆ ತುಟಿ ತಾಗಿಸಿ ಹೇಳಲು ಬಾರದೆ, ಫಲ, ಫಾಲ್ಗುಣ ಎನ್ನುವಾಗಿನ ಮಹಾಪ್ರಾಣವನ್ನೇ ಹೇಳಿದ ಒಬ್ಬ ಹುಡುಗಿಯನ್ನು ನೋಡಿ ಅವಳ ಗೆಳತಿಯರು ನಕ್ಕರು. ನಗುವಂಥದ್ದೇನೂ ಇಲ್ಲ. ಈ ಪದದ ಗ್ರೀಕ್ ಭಾಗಗಳು ಹುಟ್ಟಿದ ಕಾಲದಲ್ಲಿ ಗ್ರೀಕರ ಆ ಅಕ್ಷರದ ಉಚ್ಚಾರ ನಮ್ಮ ಮಹಾಪ್ರಾಣ ಪಕಾರದಂತೆಯೇ ಇತ್ತು. ತುಟಿ-ಹಲ್ಲಿನ ಉಚ್ಚಾರ ಆ ಭಾಷೆಗೆ ಬಂದದ್ದು ಶತಮಾನಗಳ ಆಮೇಲೆ. ಆಸ್ಪತ್ರೆಯಲ್ಲಿ ಇಂದಿನ ರೂಢಿಯಂತೆ ಹೇಳುವುದನ್ನು ಕಲಿಯಲಿ, ಬೇಡವೆನ್ನುವುದಿಲ್ಲ. ಆದರೆ ನಮ್ಮ ‘ಫ’ ಕೀಳೆಂದು ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಉಚ್ಚಾರ ಆಯಿತು, ಅರ್ಥಕ್ಕೆ ಬರೋಣ. ಇಂಥ ಪದಗಳನ್ನು ಬಾಲದಿಂದ ಓದಬೇಕು. ಕನ್ನಡದವರಿಗೆ ಇದೇನೂ ಹೊಸದಲ್ಲ. ತತ್ಪುರುಷ ಸಮಾಸದಲ್ಲಿ ಉತ್ತರಪದವೇ ಪ್ರಧಾನ. ಅರಮನೆ ಎಂದರೆ ಮನೆ, ಹೊಟ್ಟೆನೋವು ಎಂದರೆ ನೋವು. ಇಲ್ಲಿ ಕೊನೆಯ ಪದ ‘ಸ್ಕೊಪಿ’. ನೋಡುವುದು ಎಂದರ್ಥ. ಟೆಲಿಸ್ಕೋಪ್, ಮೈಕ್ರೋಸ್ಕೋಪ್‌ಗಳಲ್ಲಿರುವುದೂ ಇದೇ. ಅಂದರೆ ಈ ಪರೀಕ್ಷೆಯಲ್ಲಿ ಮುಖ್ಯವಾಗಿ ನಡೆಯುವುದು ನೋಡುವ ಕೆಲಸ. ಬಾಲ ಓದಿದ ಕ್ಷಣಕ್ಕೇ ಅರ್ಧ ಭಯ ಹೋಗಬೇಕು. ಏನನ್ನು ನೋಡುವುದು ಎಂಬುದನ್ನು ಪೂರ್ವಪದ ಹೇಳುತ್ತದೆ. ಆ ಪೂರ್ವಪದವೋ ಮೂರು ಅಂಗಗಳನ್ನು ಸಾಲಾಗಿ ನಿಲ್ಲಿಸಿದ ದ್ವಂದ್ವ ಸಮಾಸ: ಈಸಾಫಗೊ, ಗ್ಯಾಸ್ಟ್ರೊ, ಡ್ಯುಓಡಿನೊ. ರಾಮಲಕ್ಷ್ಮಣರು ಎನ್ನುವಾಗ ರಾಮ ಮೊದಲು ಬರುವುದು ಹಿರಿತನದಿಂದ. ಇಲ್ಲಿ ಯಾವುದು ಮೊದಲು ಎಂಬುದನ್ನು ಕೊಳವೆ ಇಳಿಯುವ ದಾರಿ ತೀರ್ಮಾನಿಸುತ್ತದೆ. ಬಾಯಿ ದಾಟಿದ ಮೇಲೆ ಯಾವುದು ಮೊದಲು ಸಿಗುತ್ತದೋ ಅದೇ ಪದದಲ್ಲೂ ಮೊದಲು.

ಮೊದಲು ಸಿಗುವುದು ಅನ್ನನಾಳ. ‘ಈಸಾಫಗಸ್’ ಎಂಬ ಗ್ರೀಕ್ ಮೂಲದ ಹೆಸರಿನ ಎರಡನೆಯ ತುಂಡು ‘ಫಾಗ್’, ತಿನ್ನು ಎಂಬರ್ಥದ್ದು. ಮೊದಲ ತುಂಡು ಒಯ್ಯು ಎಂಬರ್ಥದ್ದೆಂದು ವಾಡಿಕೆಯ ವಿವರಣೆ. ತಿಂದದ್ದನ್ನು ಒಯ್ಯುವುದು. ನಮ್ಮ ‘ಅನ್ನನಾಳ’ವೂ ಬೇರೇನನ್ನೂ ಹೇಳುವುದಿಲ್ಲ, ಅನ್ನವೆಂದರೆ ತಿನ್ನುವಂಥದ್ದು, ನಾಳವೆಂದರೆ ಕೊಳವೆ. ಚೀಟಿಯಲ್ಲಿ ‘ಓಜಿಡಿ’ ಎಂದು ಓಕಾರ ಬರುವುದಕ್ಕೂ ಇದೇ ಅಂಗ ಕಾರಣ. ಬ್ರಿಟಿಷ್ ಕಾಗುಣಿತದಲ್ಲಿ ಈ ಪದ ‘ಓ’ ಅಕ್ಷರದಿಂದ ಶುರುವಾಗುತ್ತದೆ, ಆದರೆ ಅದನ್ನು ಉಚ್ಚರಿಸುವುದಿಲ್ಲ. ಅಮೆರಿಕದವರು ಆ ಅಕ್ಷರವನ್ನೇ ಕಿತ್ತುಹಾಕಿದರು. ಹಾಗಾಗಿ ಅಲ್ಲಿ ಇದು ‘ಈಜಿಡಿ’. ಮಗ-ಸೊಸೆಯ ಜತೆ ನಾಲ್ಕಾರು ತಿಂಗಳು ಇದ್ದು ಬರಲು ಅಮೆರಿಕಕ್ಕೆ ಹೋದ ತಂದೆತಾಯಿ ಅಲ್ಲಿ ಈ ಪರೀಕ್ಷೆ ಮಾಡಿಸಿಕೊಂಡು ಬಂದರೆ ರಿಪೋರ್ಟಿನಲ್ಲಿ ‘ಈಜಿಡಿ’ ಎಂದೇ ಇರುತ್ತದೆ. ‘ಅಲ್ಲಿ ಬೇರೆ ಟೆಸ್ಟ್ ಮಾಡಿದ್ದಾರೆ, ಇಲ್ಲಿ ಬೇರೆ ಮಾಡಬೇಕು ಅಂತಾರೆ’ ಎಂದು ಗಾಬರಿಯಾಗಬೇಕಿಲ್ಲ. ಎರಡೂ ಒಂದೇ ಪರೀಕ್ಷೆ.

ಮುಂದಿನದು ಗ್ಯಾಸ್ಟ್ರೊ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಅಗತ್ಯ, ಏಕೆಂದರೆ ಈ ಪದದ ತುಂಡೊಂದು ಆಗಲೇ ಕನ್ನಡದ ಮನೆಮನೆಯ ಮಾತಾಗಿದೆ. ‘ನಂಗೆ ಗ್ಯಾಸ್ಟ್ರಿಕ್’, ‘ರಾತ್ರಿ ಬದನೆಕಾಯಿ ತಿಂದು ಗ್ಯಾಸ್ಟ್ರಿಕ್ ಆಯ್ತು’, ‘ಮೆಡಿಕಲ್ ಶಾಪಿಂದ ಗ್ಯಾಸ್ಟ್ರಿಕ್ ಮಾತ್ರೆ ತಗೊಂಬಾ’. ಈ ಮಾತುಗಳಲ್ಲಿ ಗ್ಯಾಸ್ಟ್ರಿಕ್ ಎಂದರೆ ಹೊಟ್ಟೆಯಲ್ಲಿ ತುಂಬಿಕೊಂಡ ವಾಯು. ‘ಗ್ಯಾಸ್’ ಎಂಬುದು ‘ಗ್ಯಾಸ್ಟ್ರಿಕ್’ನ ಒಳಗೇ ಕೇಳಿಸುವುದರಿಂದ ಹಾಗೆ ತಿಳಿಯುವುದು ಸಹಜ. ಆದರೆ ಈ ಎರಡು ಪದಗಳಿಗೆ ನೆಂಟಸ್ತಿಕೆಯೇ ಇಲ್ಲ. ‘ಗ್ಯಾಸ್ಟರ್’ ಎಂದರೆ ಗ್ರೀಕಿನಲ್ಲಿ ಹೊಟ್ಟೆ, ಜಠರ. ಗ್ಯಾಸ್ಟ್ರಿಕ್ ಎಂದರೆ ಜಠರಕ್ಕೆ ಸಂಬಂಧಿಸಿದ್ದು, ಅಷ್ಟೇ. ಅದು ರೋಗದ ಹೆಸರೇ ಅಲ್ಲ, ಗುಣವಾಚಕ. ‘ಗ್ಯಾಸ್’ ಎಂಬ ಪದವನ್ನು ಹದಿನೇಳನೆಯ ಶತಮಾನದಲ್ಲಿ ಫ್ಲಾಂಡರ್ಸ್‌ನ ಯಾನ್ ಬ್ಯಾಪ್ಟಿಸ್ಟ್ ಫಾನ್ ಹೆಲ್ಮಾಂಟ್ ಎಂಬ ರಸಾಯನಜ್ಞ ಹೊಸದಾಗಿ ಕಟ್ಟಿದ. ಅವನಿಗೆ ಸ್ಫೂರ್ತಿಯಾದದ್ದು ಗ್ರೀಕಿನ ‘ಕೇಯಾಸ್’. ಒಂದು ಸಾವಿರಾರು ವರ್ಷ ಹಳೆಯ ಹೆಸರು, ಇನ್ನೊಂದು ನಾನೂರು ವರ್ಷದ ಆಚೀಚಿನದು.

ಮಾತು ಹೀಗೆ ಕಲೆತುಹೋದದ್ದರಿಂದ ಆಗುವ ಹಾನಿ ಸಣ್ಣದಲ್ಲ. ಎದೆಯ ನಡುವೆ ಹಿಂಡಿದಂಥ ನೋವು, ಬೆವರು, ಎಡತೋಳು ಸೆಳೆತ – ಇವು ಹೃದಯಾಘಾತದ ಲಕ್ಷಣಗಳು. ‘ಏನಿಲ್ಲ, ಗ್ಯಾಸ್ಟ್ರಿಕ್ ಇರ್ಬೇಕು’ ಎಂದು ಸೋಡಾ ಕುಡಿದು, ಜೀರಿಗೆ ನೀರು ಕುಡಿದು, ಮಾತ್ರೆ ನುಂಗಿ ಮಲಗುತ್ತಾರೆ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಪ್ರತಿ ನಿಮಿಷವೂ ಬೆಲೆಬಾಳುವಂಥದ್ದು. ಆ ಬೆಲೆಯ ಹೊತ್ತೆಲ್ಲ ಒಂದು ತಪ್ಪು ಹೆಸರಿನ ಭರವಸೆಯಲ್ಲಿ ಕಳೆದುಹೋಗುತ್ತದೆ. ವೈದ್ಯರೂ ಇಲ್ಲಿ ಹೊಣೆಗಾರರು ಎಂದು ನನ್ನ ಖಚಿತ ಅಭಿಪ್ರಾಯ. ರೋಗಿ ‘ಗ್ಯಾಸ್ಟ್ರಿಕ್’ ಎಂದಾಗ ತಾವೂ ‘ಹೂಂ, ಗ್ಯಾಸ್ಟ್ರಿಕ್’ ಎಂದು ಬರೆದುಕೊಳ್ಳುವ ಬದಲು ‘ಎಲ್ಲಿ ನೋವು, ಯಾವಾಗ ಬರುತ್ತೆ, ನಡೆದಾಗ ಜಾಸ್ತಿ ಆಗುತ್ತಾ’ ಎಂದು ಕೇಳಬೇಕು. ಕೇಳುವವರು ಇದ್ದಾರೆ, ಅವರಿಗೆ ನಮಸ್ಕಾರ.

ಗ್ಯಾಸ್ಟ್ರೊದ ಕೊನೆಯಲ್ಲಿರುವ ಆ ‘ಒ’ಕಾರ ಏನು ಮಾಡುತ್ತಿದೆ? ಎರಡು ಪದಗಳನ್ನು ಕೂಡಿಸುವುದಷ್ಟೇ ಅದರ ಕೆಲಸ. ಮುಂದಿನ ಪ್ರತ್ಯಯ ಸ್ವರದಿಂದ ಶುರುವಾದರೆ ಅದು ಜಾಗ ಬಿಟ್ಟುಕೊಡುತ್ತದೆ: ಗ್ಯಾಸ್ಟ್ರೊ ಜತೆ ಉರಿಯೂತ ಎಂಬರ್ಥದ ‘ಐಟಿಸ್’ ಸೇರಿದರೆ ಗ್ಯಾಸ್ಟ್ರೈಟಿಸ್. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ಉಕಾರ ಬಿದ್ದುಹೋಗುವುದಿಲ್ಲವೇ? ಅದೇ ಲೋಪಸಂಧಿ. ಮುಂದೆ ಬರುವುದು ಇನ್ನೊಂದು ಅಂಗದ ಹೆಸರಾದರೆ ಮಾತ್ರ ‘ಒ’ಕಾರ ಪಟ್ಟು ಬಿಡುವುದಿಲ್ಲ. ಜಠರ ಮತ್ತು ಕರುಳಿನ ವಿಭಾಗ ಗ್ಯಾಸ್ಟ್ರೊಎಂಟರಾಲಜಿ ಆಗಿಯೇ ಉಳಿಯುತ್ತದೆ, ನಮ್ಮ ಪ್ರಕೃತಿಭಾವದ ಹಾಗೆ. ಎರಡು ಸ್ವರ ಎದುರುಬದುರಾಗಿ ನಿಂತರೆ ಕನ್ನಡದ ನಾಲಿಗೆ ಸುಮ್ಮನಿರುವುದಿಲ್ಲ. ಡ್ಯುಓಡಿನಮ್ ನಮ್ಮ ಬಾಯಲ್ಲಿ ‘ಡುವೋಡಿನಮ್’ ಆಗುತ್ತದೆ. ಗುರು ಮತ್ತು ಅನ್ನು ಸೇರಿ ಗುರುವನ್ನು ಆದಾಗ ಬಂದ ವಕಾರವೇ ಇಲ್ಲೂ ಬಂದದ್ದು, ಆಗಮಸಂಧಿ. ಹೀಗೆ ಹೇಳುವವರನ್ನು ತಿದ್ದಬೇಡಿ. ಅವರು ತಮ್ಮ ಭಾಷೆಯ ನಿಯಮವನ್ನು ಸರಿಯಾಗಿ ಪಾಲಿಸುತ್ತಿದ್ದಾರೆ.

ಜಠರದಿಂದ ಮುಂದಕ್ಕೆ ಹೋಗಲು ಒಂದು ಬಾಗಿಲು ದಾಟಬೇಕು. ಹನ್ನೆರಡು ಅಕ್ಷರದ ಪದದಲ್ಲಿ ಅದರ ಹೆಸರಿಲ್ಲ, ಆದರೆ ಕೊಳವೆ ಅದನ್ನು ದಾಟದೆ ಮುಂದೆ ಹೋಗಲಾರದು. ಗ್ರೀಕರು ಅದನ್ನು ‘ಪೈಲೋರಸ್’ ಎಂದರು, ಬಾಗಿಲು ಕಾಯುವವನು ಎಂದರ್ಥ. ಬೇಲೂರಿನಲ್ಲೋ ಹಳೇಬೀಡಿನಲ್ಲೋ ದ್ವಾರಪಾಲಕರನ್ನು ನೋಡಿದವರಿಗೆ ಈ ಹೆಸರು ಮರೆಯುವುದಿಲ್ಲ. ಅರೆದು ನುಣ್ಣಗಾಗದ ಆಹಾರವನ್ನು ಈ ಸ್ನಾಯುವಿನ ಉಂಗುರ ಒಳಗೆ ಬಿಡುವುದಿಲ್ಲ, ತಡೆದು ವಾಪಸು ಕಳಿಸುತ್ತದೆ. ಇದರ ಹತ್ತಿರದ ಲೋಳೆಪೊರೆಯಲ್ಲಿ ವಾಸಿಸುವ, ಸುರುಳಿ ಆಕಾರದ ಒಂದು ಬ್ಯಾಕ್ಟೀರಿಯಾವನ್ನು ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅಧ್ಯಯನ ಮಾಡಿದರು. 1982ರಲ್ಲಿ ಅದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯಿತು. ಹೊಟ್ಟೆಯ ಹುಣ್ಣಿಗೆ ಖಾರ, ಚಿಂತೆ, ಆಮ್ಲವೇ ಕಾರಣವೆಂದು ನಂಬಿದ್ದ ಕಾಲ ಅದು. ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಜೀವಿಯ ಹೆಸರು ಹೆಲಿಕೊಬ್ಯಾಕ್ಟರ್ ಪೈಲೋರಿ: ಸುರುಳಿ, ಕೋಲು, ದ್ವಾರಪಾಲಕನದು. ಅದಕ್ಕೆ ಮೊದಲು ಇಟ್ಟ ಹೆಸರಿನಲ್ಲಿ ‘ಪೈಲೋರಿಡಿಸ್’ ಎಂದಿತ್ತು. ಲ್ಯಾಟಿನ್ ಷಷ್ಠೀ ವಿಭಕ್ತಿ ತಪ್ಪಾಗಿದೆ ಎಂದು ಅದನ್ನು ‘ಪೈಲೋರಿ’ ಎಂದು ತಿದ್ದಿದರು. ವಿಜ್ಞಾನಿಗಳು ಒಂದು ವಿಭಕ್ತಿ ಪ್ರತ್ಯಯಕ್ಕಾಗಿ ಹೆಸರು ಬದಲಿಸಿದ್ದು ವ್ಯಾಕರಣ ಪ್ರೀತಿಸುವವರಿಗೆಲ್ಲ ಸಂತೋಷದ ಸಂಗತಿ.

ಬಾಗಿಲು ದಾಟಿದರೆ ಡ್ಯುಓಡಿನಮ್, ಸಣ್ಣಕರುಳಿನ ಮೊದಲ ತುಂಡು. ಈ ಹೆಸರಿನ ಚರಿತ್ರೆ ನನಗೆ ಎಲ್ಲಕ್ಕಿಂತ ಇಷ್ಟ. ಕ್ರಿಸ್ತಪೂರ್ವ 300ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿದ್ದ ಹೆರೋಫಿಲಸ್ ಎಂಬ ವೈದ್ಯ ಶವಗಳನ್ನು ಕೊಯ್ದು ನೋಡಿ ಅಂಗಗಳನ್ನು ವಿವರಿಸಿದ. ಕರುಳಿನ ಈ ತುಂಡನ್ನು ಬೆರಳಿಟ್ಟು ಅಳೆದಾಗ ಹನ್ನೆರಡು ಬೆರಳಗಲ ಬಂತು. ‘ಹನ್ನೆರಡು ಬೆರಳಿನದು’ ಎಂದೇ ಗ್ರೀಕಿನಲ್ಲಿ ಹೆಸರಿಟ್ಟ. ಆ ಹೆಸರು ಅರಬ್ಬಿಗೆ ಹೋಗಿ ‘ಹನ್ನೆರಡು’ ಆಯಿತು. ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ಟೊಲೆಡೊದಲ್ಲಿ ಕುಳಿತು ಇಬ್ನ್ ಸೀನಾನ ವೈದ್ಯಗ್ರಂಥವನ್ನು ಅರಬ್ಬಿಯಿಂದ ಲ್ಯಾಟಿನ್ನಿಗೆ ತಂದ ಕ್ರೆಮೋನಾದ ಜೆರಾರ್ಡ್ ಆ ಹನ್ನೆರಡನ್ನು ‘ಡ್ಯುಓಡಿನಮ್’ ಮಾಡಿದ. ಜರ್ಮನ್ನರು ಇವತ್ತಿಗೂ ತಮ್ಮ ಮಾತಿನಲ್ಲಿ ಹನ್ನೆರಡು ಬೆರಳಿನ ಕರುಳು ಎಂದೇ ಹೇಳುತ್ತಾರೆ. ನಮ್ಮಲ್ಲೂ ಬೆರಳಗಲವೇ ಅಂಗುಲ, ಹನ್ನೆರಡು ಅಂಗುಲಕ್ಕೆ ಒಂದು ಗೇಣು. ಅಂಗೈ ಚಾಚಿ ಹೊಟ್ಟೆಯ ಮೇಲಿಟ್ಟರೆ ಹೆಬ್ಬೆರಳಿನಿಂದ ಕಿರುಬೆರಳಿನವರೆಗಿನ ಅಳತೆ. ದೊಡ್ಡವರಲ್ಲಿ ಈ ಕರುಳಿನ ಉದ್ದ ಸುಮಾರು 25 ಸೆಂಟಿಮೀಟರು. ಗೇಣು ಹೊಟ್ಟೆ ಎನ್ನುತ್ತೇವಲ್ಲ, ಆ ಹೊಟ್ಟೆಯೊಳಗೆ ನಿಜಕ್ಕೂ ಒಂದು ಗೇಣುದ್ದದ ಕರುಳಿದೆ.

ಈ ತುಂಡುಗಳ ಬೇರನ್ನು ಇನ್ನೂ ಆಳಕ್ಕೆ ಹಿಡಿದುಹೋದರೆ ನಮ್ಮ ಮನೆಯೊಳಗೇ ಬರುತ್ತೇವೆ. ಗ್ರೀಕ್, ಲ್ಯಾಟಿನ್, ಸಂಸ್ಕೃತ ಒಂದೇ ಕುಟುಂಬದ ಭಾಷೆಗಳು. ಸಂಸ್ಕೃತದಿಂದ ಬಂದ ಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ. ತಿನ್ನು ಎಂಬರ್ಥದ ‘ಫಾಗ್’ ನಮ್ಮ ಭಕ್ಷ್ಯದ ಬಳಗ. ‘ಡ್ಯುಓಡಿನೊ’ದ ಹನ್ನೆರಡು ದ್ವಾದಶದ ಬಳಗ. ‘ಸ್ಕೊಪಿ’ಗೂ ನೋಡು ಎಂಬರ್ಥದ ಸಂಸ್ಕೃತದ ‘ಪಶ್ಯ’ಕ್ಕೂ ಮೂಲಧಾತು ಒಂದೇ. ‘ಗ್ಯಾಸ್ಟರ್’ ನುಂಗುವ, ಕಬಳಿಸುವ ಅರ್ಥದ ಧಾತುವಿನಿಂದ ಬಂದು ಗ್ರಾಸದ ನೆಂಟನಾಗುತ್ತದೆ ಎಂದು ವಿದ್ವಾಂಸರು ಹೇಳುತ್ತಾರೆ. ಕಟ್ಟಡ ಮಾತ್ರ ಅಷ್ಟು ಶುದ್ಧವಲ್ಲ. ಡ್ಯುಓಡಿನೊ ಲ್ಯಾಟಿನ್ನಿನದು, ಉಳಿದದ್ದೆಲ್ಲ ಗ್ರೀಕ್. ವ್ಯಾಕರಣಕಾರ ಕೇಶಿರಾಜನ ಪ್ರಕಾರ ಸಂಸ್ಕೃತ ಪದಕ್ಕೆ ಕನ್ನಡ ಪದ ಕೂಡಿಸಿದರೆ ಅರಿಸಮಾಸದ ದೋಷ. ಗಮಕ, ಕ್ರಿಯಾ ಸಮಾಸಗಳಿಗೂ ಹಿಂದಿನಿಂದ ರೂಢಿಯಲ್ಲಿರುವುದಕ್ಕೂ ರಿಯಾಯಿತಿ. ವೈದ್ಯಪದಗಳಲ್ಲಿ ಅರಿಸಮಾಸ ತುಂಬಿಹೋಗಿವೆ, ರೂಢಿಯ ಬಲದಿಂದ ನಿಂತಿವೆ.

ನೋಡುವ ಕೆಲಸ ಸುಲಭಕ್ಕೆ ಕೈಗೂಡಿದ್ದಲ್ಲ. 1868ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಅಡಾಲ್ಫ್ ಕುಸ್ಮೌಲ್ ಎಂಬ ವೈದ್ಯ 47 ಸೆಂಟಿಮೀಟರ್ ಉದ್ದದ ಲೋಹದ ನೆಟ್ಟನೆ ಕೊಳವೆಯನ್ನು ಜಠರಕ್ಕಿಳಿಸಿದ. ಅದನ್ನು ನುಂಗಿ ತೋರಿಸಿದವನು ಕತ್ತಿ ನುಂಗುವ ಆಟದವನು. ತಲೆ ಹಿಂದಕ್ಕೆ ಬಾಗಿಸಿ ಬಾಯಿ, ಗಂಟಲು, ಅನ್ನನಾಳವನ್ನು ಒಂದೇ ನೇರಕ್ಕೆ ತರುವ ವಿದ್ಯೆ ಅವನಿಗೆ ಗೊತ್ತಿತ್ತು. ಕೊಳವೆ ಹೋಯಿತು, ಬೆಳಕು ಸಾಲಲಿಲ್ಲ. ಬಾಗುವ ಕೊಳವೆಯಲ್ಲಿ ಬೆಳಕನ್ನೂ ಬಾಗಿಸಿ ತರುವುದಕ್ಕೆ ಸುಮಾರು ತೊಂಬತ್ತು ವರ್ಷ ಕಾಯಬೇಕಾಯಿತು. 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿದ್ದನ್ನು ಪ್ರಕಟಿಸಿದರು. ಅದನ್ನು ಓದಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಬೇಸಿಲ್ ಹಿರ್ಷೋವಿಟ್ಸ್ ತಂಡ ಬಾಗುವ ಸ್ಕೋಪ್ ಕಟ್ಟಿತು. 1957ರಲ್ಲಿ ಹಿರ್ಷೋವಿಟ್ಸ್ ಅದನ್ನು ಮೊದಲು ತಾವೇ ನುಂಗಿದರು, ಆಮೇಲೆ ರೋಗಿಗೆ ಇಳಿಸಿದರು.

ಇವತ್ತಿನ ಸ್ಕೋಪು ಕಿರುಬೆರಳಿನಷ್ಟು ದಪ್ಪ, ಸುಮಾರು ಒಂದು ಮೀಟರ್ ಉದ್ದ, ತುದಿಯಲ್ಲಿ ಪುಟ್ಟ ಕ್ಯಾಮೆರಾ. ಖಾಲಿ ಹೊಟ್ಟೆಯಲ್ಲಿ ಬಂದವರ ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಎಡಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ತೂತಿರುವ ಪ್ಲಾಸ್ಟಿಕ್ ಕಚ್ಚಿಸುತ್ತಾರೆ. ಆ ಕೋಣೆಯಲ್ಲಿ ಒಬ್ಬ ಹಿರಿಯ ಸಿಸ್ಟರ್ ಹಳ್ಳಿಯಿಂದ ಬಂದ ಮುದುಕಿಗೆ ಹೇಳಿದ ಮಾತು ಇಲ್ಲಿ ಕೊಡುತ್ತೇನೆ: ‘ಅಜ್ಜಿ, ಇದು ಆಪರೇಷನ್ ಅಲ್ಲ, ಕೊಯ್ಯಲ್ಲ. ಅನ್ನ ಇಳಿಯೋ ದಾರಿ ನೋಡ್ತಾರೆ, ಹೊಟ್ಟೆ ನೋಡ್ತಾರೆ, ಕರುಳಿನ ಬಾಯಿ ನೋಡ್ತಾರೆ. ಗಂಟಲು ದಪ್ಪ ಆದಂಗೆ ಅನ್ಸುತ್ತೆ, ಮೂಗಲ್ಲಿ ಉಸಿರಾಡಿ. ತೇಗು ಬರುತ್ತೆ, ಬರ್ಲಿ ಬಿಡಿ.’ ಆ ಸಿಸ್ಟರಿಗೆ ಗ್ರೀಕ್ ಗೊತ್ತಿರಲಿಲ್ಲ. ಅನ್ನದ ದಾರಿ, ಹೊಟ್ಟೆ, ಕರುಳಿನ ಬಾಯಿ, ನೋಡುವುದು ಎಂದು ಹನ್ನೆರಡು ಅಕ್ಷರದ ಪದವನ್ನು ಕ್ರಮ ತಪ್ಪದೆ ಕನ್ನಡದಲ್ಲಿ ಹೇಳಿದ್ದರು. ಅಜ್ಜಿ ತಲೆಯಾಡಿಸಿ ಬಾಯಿ ತೆರೆದರು. ಆ ಪೈಲೋರಿ ಬ್ಯಾಕ್ಟೀರಿಯಾ ಇದೆಯೇ ಎಂದು ತಿಳಿಯಲು ಜಠರದಿಂದ ಅಕ್ಕಿನುಚ್ಚಿನಷ್ಟು ಚೂರು ಚಿವುಟಿ ತೆಗೆದು ಹಳದಿ ದ್ರಾವಣಕ್ಕೆ ಹಾಕಿದರು. ಇದ್ದರೆ ಹಳದಿ ಗುಲಾಬಿಗೆ ತಿರುಗುತ್ತದೆ.

ನೋಡುವ ಬಾಲದ ಜಾಗದಲ್ಲಿ ಕೊಯ್ಯುವ ಬಾಲ ಬಂದಾಗ ಹೆಚ್ಚು ಎಚ್ಚರ ಬೇಕು. ಗ್ಯಾಸ್ಟ್ರಾಟಮಿ, ಗ್ಯಾಸ್ಟ್ರಾಸ್ಟಮಿ, ಗ್ಯಾಸ್ಟ್ರೆಕ್ಟಮಿ – ಮೂರನ್ನೂ ಬೇಗ ಬೇಗ ಹೇಳಿ ನೋಡಿ. ಮೂರಕ್ಕೂ ಕೊನೆಗೆ ಭಗಣ, ಕಿವಿಗೆ ಮೂರೂ ಒಂದೇ. ಕನ್ನಡದಲ್ಲಿ ಬರೆದರೆ ವ್ಯತ್ಯಾಸ ಒಂದು ಒತ್ತಕ್ಷರದಲ್ಲಿ ಎದ್ದು ಕಾಣುತ್ತದೆ: ಟ, ಸ್ಟ, ಕ್ಟ. ‘ಟಮಿ’ ಎಂದರೆ ಕೊಯ್ದು ತೆರೆಯುವುದು. ಕತ್ತರಿಸಲಾಗದ್ದು ಎಂಬರ್ಥದ ‘ಆಟಮ್’ನಲ್ಲಿ ಇರುವುದೂ ಇದೇ ಧಾತು. ‘ಸ್ಟಮಿ’ಯಲ್ಲಿರುವುದು ಬಾಯಿ ಎಂಬರ್ಥದ ‘ಸ್ಟೋಮಾ’; ನುಂಗಲಾಗದವರಿಗೆ ಹೊಟ್ಟೆಯ ಮೇಲಿಂದಲೇ ಜಠರಕ್ಕೆ ಬಾಯಿ ಮಾಡಿ ಟ್ಯೂಬಿನಲ್ಲಿ ಆಹಾರ ಕೊಡುವುದು. ‘ಎಕ್ಟಮಿ’ಯ ‘ಎಕ್’ನಲ್ಲಿ ‘ಹೊರಗೆ’ ಎಂಬರ್ಥವಿದೆ, ಕೊಯ್ದು ಹೊರತೆಗೆಯುವುದು. ಜಠರದ ಒಂದು ಭಾಗವೋ ಪೂರ್ತಿ ಜಠರವೋ ಹೋಗುತ್ತದೆ. ವಿಯೆನ್ನಾದಲ್ಲಿ ಥಿಯೋಡರ್ ಬಿಲ್ರೋತ್ 1881ರಲ್ಲಿ ಕ್ಯಾನ್ಸರ್ ತಗುಲಿದ ಜಠರಭಾಗವನ್ನು ಹೀಗೆ ತೆಗೆದು ಯಶಸ್ವಿಯಾದ. ಒಂದು ತೆರೆದು ಮುಚ್ಚುವುದು, ಒಂದು ತೂತು ಉಳಿಸುವುದು, ಒಂದು ಅಂಗವನ್ನೇ ಕಳೆಯುವುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಈ ಒಂದು ಒತ್ತಕ್ಷರವನ್ನು ಸರಿಯಾಗಿ ಓದಿದವರಿಗೆ ಅಪ್ಪನ ಹೊಟ್ಟೆಯಲ್ಲಿ ಏನು ಉಳಿದಿದೆ, ಏನಿಲ್ಲ ಎಂಬುದು ಗೊತ್ತಾಗುತ್ತದೆ.

ಬಾಲದ ವ್ಯತ್ಯಾಸ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ದೆಹಲಿಯ ಮಹಿಳೆಯೊಬ್ಬರು 1995ರಲ್ಲಿ ಸಹಿ ಹಾಕಿದ್ದ ಒಪ್ಪಿಗೆ ಪತ್ರದಲ್ಲಿ ಲ್ಯಾಪರಾಸ್ಕೊಪಿ ಎಂದಿತ್ತು, ಅಗತ್ಯವಾದರೆ ಲ್ಯಾಪರಾಟಮಿ ಎಂದೂ ಇತ್ತು. ಹೊಟ್ಟೆಯೊಳಗೆ ನೋಡುವುದು, ಬೇಕಾದರೆ ಹೊಟ್ಟೆ ತೆರೆಯುವುದು. ಅವರು ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯಿಂದ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನೇ ತೆಗೆದರು. ಅಂದರೆ ಸ್ಕೊಪಿಗೂ ಟಮಿಗೂ ಪಡೆದ ಸಹಿಯ ಮೇಲೆ ಎಕ್ಟಮಿ ನಡೆಯಿತು. ಆ ಒಪ್ಪಿಗೆ ಈ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯಾಗುವುದಿಲ್ಲ, ಪ್ರಜ್ಞೆ ಬಂದ ಮೇಲೆ ರೋಗಿಯನ್ನೇ ಕೇಳಬಹುದಿತ್ತು ಎಂದು ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಹೇಳಿತು. ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಚಿಕಿತ್ಸೆ ಯಾವುದು, ಅದರಿಂದ ಏನಾಗಬಹುದು, ಬೇರೆ ದಾರಿ ಇದೆಯೇ ಎಂಬುದನ್ನು ರೋಗಿಗೆ ಸಾಕಷ್ಟು ತಿಳಿಸಿದ ಮೇಲೆ ಪಡೆದದ್ದೇ ಒಪ್ಪಿಗೆ ಎಂದು ಆ ತೀರ್ಪು ನಿಯಮಗಳನ್ನು ಹಾಕಿಕೊಟ್ಟಿತು.

ತಿಳಿಸುವುದು ಯಾವ ಭಾಷೆಯಲ್ಲಿ ಎಂಬುದು ನನ್ನ ಪ್ರಶ್ನೆ. ಇಡೀ ಪದವನ್ನು ಕನ್ನಡಕ್ಕೆ ತಿರುಗಿಸಿ ಅನ್ನನಾಳ-ಜಠರ-ಕರುಳು-ದರ್ಶನ ಎಂದು ಹೊಸ ಪದ ಟಂಕಿಸಿ ಎಂದು ನಾನು ಹೇಳುತ್ತಿಲ್ಲ. ಆ ಪದವನ್ನು ಯಾವ ಕೌಂಟರಿನಲ್ಲೂ ಯಾರೂ ಹೇಳುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಇಂಗ್ಲಿಷ್ ಹೆಸರು ಇರಲಿ. ಅದರ ಕೆಳಗೆ ಅದೇ ಪದವನ್ನು ಕನ್ನಡ ಲಿಪಿಯಲ್ಲಿ ತುಂಡು ತುಂಡಾಗಿ ಬಿಡಿಸಿ ಅಚ್ಚು ಮಾಡಲಿ. ಅದರ ಕೆಳಗೆ ನಾಲ್ಕು ಸಾಲು: ಬಾಯಿಂದ ಕೊಳವೆ ಇಳಿಸಿ ಅನ್ನನಾಳ, ಜಠರ, ಸಣ್ಣಕರುಳಿನ ಮೊದಲ ಭಾಗ ನೋಡುತ್ತೇವೆ. ಕೊಯ್ಯುವುದಿಲ್ಲ. ಅನುಮಾನ ಬಂದರೆ ಪರೀಕ್ಷೆಗೆ ಸಣ್ಣ ಚೂರು ತೆಗೆಯುತ್ತೇವೆ. ಅಪರೂಪಕ್ಕೆ ರಕ್ತ ಒಸರಬಹುದು, ಇನ್ನೂ ಅಪರೂಪಕ್ಕೆ ತೂತು ಬೀಳಬಹುದು. ಇದಕ್ಕಿಂತ ಹೆಚ್ಚಿನದು ಏನೇ ಮಾಡಬೇಕಾದರೂ ಮತ್ತೆ ನಿಮ್ಮನ್ನು ಕೇಳುತ್ತೇವೆ. ಸಹಿಯ ಗೆರೆ ಈ ನಾಲ್ಕು ಸಾಲುಗಳ ಕೆಳಗಿರಲಿ.